ಲಿನಕ್ಸ್ ಹಾಕಿಸಿದರೆ ಹಳೆ ಲೆಕ್ಕ ಕೈಗೆ ಸಿಗುತ್ತದೆಯೇ?

ಪ್ರಶ್ನೆ: ಭೀಮಸಮುದ್ರದಲ್ಲಿ ನಮ್ಮದು ಅಡಿಕೆ ಮಂಡಿ. ಹನ್ನೆರಡು ವರ್ಷದ ಲೆಕ್ಕ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿದೆ. ಮಾಡಿಕೊಟ್ಟವರು ಈಗ ಫೋನಿಗೂ ಸಿಗುತ್ತಿಲ್ಲ. ವಿಂಡೋಸ್ 10ಕ್ಕೂ ಬೆಂಬಲ ನಿಂತಿದೆ. ಅದರ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರೆ ತೊಂದರೆ ತಪ್ಪುತ್ತದೆಯೇ?

ಉತ್ತರ: ಅದೊಂದರಿಂದಲೇ ತಪ್ಪುವುದಿಲ್ಲ. ನಿಮ್ಮ ಲೆಕ್ಕ ಸಿಕ್ಕಿಕೊಂಡಿರುವುದು ವಿಂಡೋಸ್‌ನಲ್ಲಲ್ಲ, ಆ ಸಾಫ್ಟ್‌ವೇರ್ ತನಗಷ್ಟೇ ಓದಲು ಬರುವಂತೆ ಬರೆದಿಟ್ಟ ಫೈಲಿನಲ್ಲಿ.

1960ರ ದಶಕದಲ್ಲಿ ಕಂಪ್ಯೂಟರ್ ಕೊಂಡವರು ಯಂತ್ರಕ್ಕೂ ಪ್ರೋಗ್ರಾಮಿಗೂ ಸಾಮಾನ್ಯವಾಗಿ ಒಂದೇ ಕಂಪನಿಯನ್ನು ನೆಚ್ಚಬೇಕಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು 1973ರಲ್ಲಿ ಸಿ ಭಾಷೆಯಲ್ಲಿ ತಿರುಗಿ ಬರೆದ ಮೇಲೆ ಅದನ್ನು ಬೇರೆ ಯಂತ್ರಗಳಿಗೂ ಒಯ್ಯುವುದು ಸುಲಭವಾಯಿತು. ಆಮೇಲೆ ಒಂದೊಂದು ಕಂಪನಿಯದೂ ಒಂದೊಂದು ಯುನಿಕ್ಸ್ ಆಗಿ, ಹೊಂದಾಣಿಕೆಗೆಂದು 1988ರಲ್ಲಿ ಪಾಸಿಕ್ಸ್ ಮಾನಕ ಬಂತು, 1991ರಲ್ಲಿ ಯುನಿಕ್ಸ್ ಮಾದರಿಯ ಲಿನಕ್ಸ್. ಹೀಗೆ ಒಂದೇ ಕಂಪನಿಗೆ ಕಟ್ಟಿಹಾಕುತ್ತಿದ್ದ ಯಂತ್ರದ ಬೀಗ ತೆಗೆಯಿತು, ಆಪರೇಟಿಂಗ್ ಸಿಸ್ಟಮ್ಮಿನದೂ ತೆಗೆಯಿತು. ಫೈಲಿನ ಬೀಗ ಉಳಿದುಕೊಂಡಿದೆ, ಸಣ್ಣ ವರ್ತಕರನ್ನು ಕಾಡುತ್ತಿರುವುದು ಅದೇ.

ಹಳೆ ಕಂಪ್ಯೂಟರ್ ಚಾಲೂ ಇರುವಾಗಲೇ ಇಡೀ ಡೇಟಾ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನಂತರ ಲೆಡ್ಜರ್, ಖರೀದಿ, ಮಾರಾಟಗಳನ್ನು ವರ್ಷವಾರು ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ. ಆ ಸೌಲಭ್ಯ ಇಲ್ಲದಿದ್ದರೆ ರಿಪೋರ್ಟನ್ನು ಟೆಕ್ಸ್ಟ್ ಫೈಲಿಗೆ ಪ್ರಿಂಟ್ ಕೊಡಿ. ಸಿಎಸ್‌ವಿಯಲ್ಲಿ ಇರುವುದು ಬರೀ ಅಕ್ಷರ, ಅಂಕಿ, ಅಲ್ಪವಿರಾಮ. ಹಾಗಾಗಿ ನಾಳೆ ಯಾವ ಸಾಫ್ಟ್‌ವೇರ್ ಹಾಕಿದರೂ ಅದು ಓದೀತು.

ಆ ಫೈಲನ್ನು ಉಚಿತ ಸಾಫ್ಟ್‌ವೇರ್ ಆದ ಲಿಬ್ರೆ ಆಫೀಸ್‌ನಲ್ಲಿ ತೆರೆಯುವಾಗ ಅವಸರದಲ್ಲಿ ಓಕೆ ಒತ್ತಬೇಡಿ. ಬ್ಯಾಂಕ್ ಖಾತೆಯ ಕಾಲಮ್ಮನ್ನು ‘ಟೆಕ್ಸ್ಟ್’ ಎಂದೂ ತಾರೀಖಿನದನ್ನು ದಿನ-ತಿಂಗಳು-ವರ್ಷ ಎಂದೂ ಆರಿಸಿ. ಇಲ್ಲವಾದರೆ ಖಾತೆ ಸಂಖ್ಯೆಯ ಮೊದಲ ಸೊನ್ನೆ ಹಾರಿಹೋಗುತ್ತದೆ, ಮಾರ್ಚ್ 4 ಏಪ್ರಿಲ್ 3 ಆಗಿಬಿಡಬಹುದು.

ರೈತರ ಹೆಸರುಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆ ಫಾಂಟಿನಲ್ಲಿ ಹೊಡೆದಿದ್ದರೆ ಕೆಲಸ ಹೆಚ್ಚು. ಆ ಫಾಂಟ್ ಇಲ್ಲದ ಕಡೆ ಹೆಸರುಗಳು ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ. ಅವನ್ನು ಎಲ್ಲ ಕಡೆ ನಡೆಯುವ ಅಕ್ಷರ-ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲೇ ನೋಡಿ. ‘ಚಿತ್ರದುರ್ಗ’ದ ಕೊನೆಯಲ್ಲಿ ನುಡಿ ‘ಗ’ ಆದಮೇಲೆ ಅರ್ಕಾವತ್ತು ಇಡುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ಗ’ ಆಮೇಲೆ. ಕನ್ವರ್ಟರ್ ಎಡವುವುದು ಇಲ್ಲೇ.

ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ ಹಳೆ ಸಾಫ್ಟ್‌ವೇರಿನಲ್ಲೂ ಹೊಸದರಲ್ಲೂ ಪೈಸೆಗೆ ಪೈಸೆ ತಾಳೆಯಾಗಬೇಕು. ಆಮೇಲೂ ಒಂದು ತಿಂಗಳು ರಾಶಿ, ಬೆಟ್ಟೆ ಹೀಗೆ ಎಲ್ಲ ಬಗೆಯ ಅಡಿಕೆಯ ಬಿಲ್ಲನ್ನೂ ಎರಡರಲ್ಲೂ ಹಾಕಿ. ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಹಳೆ ಯಂತ್ರವನ್ನು ಗುಜರಿಗೆ ಹಾಕಬೇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಅಲ್ಲಿಯವರೆಗೆ ಇಂಟರ್ನೆಟ್ ವೈರ್ ಕಿತ್ತು ಅದನ್ನು ಮಂಡಿಯಲ್ಲೇ ಒಂದು ಕಡೆ ಇಟ್ಟಿರಿ.