ಕೊಡಗಿನ ಕಾಡಿನ ಕೆರೆ ದಂಡೆಯಲ್ಲಿ ಟೆಂಟ್ ಹಾಕಬಹುದಾ?

ಪ್ರಶ್ನೆ: ನಾವು ಐದು ಜನ ಸ್ನೇಹಿತರು. ಕೊಡಗಿನಲ್ಲಿ ಜನ ಅಷ್ಟಾಗಿ ಹೋಗದ ಒಂದು ಕೆರೆಗೆ ಬ್ಯಾಗ್ ಹೊತ್ತು ನಡೆದು ಹೋಗಿ, ದಂಡೆಯಲ್ಲೇ ಟೆಂಟ್ ಹಾಕಿ ಒಂದು ರಾತ್ರಿ ಇರಬೇಕು ಅಂತ ಆಸೆ. ಮೊಬೈಲ್ ಮ್ಯಾಪಿನಲ್ಲಿ ಹಸಿರಿನ ನಡುವೆ ನೀಲಿ ಚುಕ್ಕೆಗಳು ಕಾಣುತ್ತವೆ. ಸುಮ್ನೆ ಹೋದರೆ ಆಗುತ್ತಾ?

ಉತ್ತರ: ಸುಮ್ನೆ ಹೋದರೆ ಆಗಲ್ಲ. ಕೆರೆ ಅರಣ್ಯದೊಳಗಿದ್ದರೆ ನಿಮ್ಮಿಷ್ಟಕ್ಕೆ ಉಳಿಯುವಂತಿಲ್ಲ. ಕಾಫಿ ತೋಟದೊಳಗಿದ್ದರೆ ತೋಟದವರು ಒಪ್ಪಬೇಕು. ಅವರು ಒಪ್ಪಿದರೂ ದಂಡೆಯಲ್ಲಿ ಮಲಗುವುದು ಬೇಡ.

ಮೊದಲು ಆ ನೀಲಿ ಚುಕ್ಕೆ ಯಾರದು ಅಂತ ನೋಡಿ. ಕೊಡಗಿನ ಪಶ್ಚಿಮದ ಕಾಡು ಕಡಿದಾದ ಬೆಟ್ಟಗಳದ್ದು. ಅಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ತೊರೆ ಹೊಳೆಯಾಗಿ ಇಳಿದುಹೋಗುತ್ತದೆ. ಮ್ಯಾಪಿನಲ್ಲಿ ಕಾಡು ಅಂತ ಕಾಣುವ ಹಸಿರು ಎಷ್ಟೋ ಕಡೆ ಮರದ ನೆರಳಿನಲ್ಲಿ ಬೆಳೆದ ಕಾಫಿ ತೋಟ. ಅದರ ನಡುವಿನ ನೀಲಿ ಚುಕ್ಕೆ ತೋಟದವರು ತೋಡಿಸಿದ ಕೆರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ರೊಬಸ್ಟಾ ಜಾತಿಯ ಗಿಡಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕು, ಅದಕ್ಕಾಗಿ ಇಟ್ಟ ನೀರು ಅದು. ದೊಡ್ಡದಾಗಿ ಕಾಣುವ ನೀಲಿ ಹಾರಂಗಿ, ಚಿಕ್ಲಿಹೊಳೆಯಂಥ ಜಲಾಶಯದ ಹಿನ್ನೀರು. ಪೂರ್ವಕ್ಕೆ, ನಾಗರಹೊಳೆ ಕಡೆ ಕಾಣುವ ಕೆರೆಗಳು ಮಾತ್ರ ನಿಜವಾಗಿ ಕಾಡಿನ ಕೆರೆಗಳು. ಹುಲಿ ಸಂರಕ್ಷಿತ ಪ್ರದೇಶವಾದ ಅಲ್ಲಿಗೆ ಪ್ರವಾಸಿಗರು ಹೋಗುವುದು ಸಫಾರಿ ವಾಹನದಲ್ಲಿ. ಕಾಲ್ನಡಿಗೆಯ ಮಾತೇ ಇಲ್ಲ.

ಜಿಲ್ಲೆಯಲ್ಲಿ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಂತ ಮೂರು ವನ್ಯಜೀವಿ ಧಾಮಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹೊರಗಿನವರು ಅನುಮತಿ ಇಲ್ಲದೆ ಇವುಗಳ ಒಳಗೆ ಕಾಲಿಡುವಂತಿಲ್ಲ. ಪ್ರವಾಸಕ್ಕೆ ಅನುಮತಿ ಕೊಡಲು ಅವಕಾಶ ಇದೆ, ನಿಜ. ಆದರೆ ಚಾರಣಕ್ಕೆ ಸಿಗುವ ಅನುಮತಿ ಗೊತ್ತುಪಡಿಸಿದ ದಾರಿಗೆ ಮಾತ್ರ. ದಾರಿ ಬಿಟ್ಟು ಕೆರೆ ಹುಡುಕಿಕೊಂಡು ಹೋದರೆ ಕೈಯಲ್ಲಿರುವ ಚೀಟಿ ಕೆಲಸಕ್ಕೆ ಬರಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಮಳೆಗೆ ಈ ದಾರಿಗಳನ್ನೂ ಮುಚ್ಚುವುದುಂಟು. ಹೊರಡುವ ಮುಂಚೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿ. 'ನನಗೆ ಒಳದಾರಿ ಗೊತ್ತು, ಬನ್ನಿ' ಅನ್ನುವವರ ಹಿಂದೆ ಹೋಗಬೇಡಿ. ಸಿಕ್ಕಿಬಿದ್ದಾಗ ಕೇಸು ನಿಮ್ಮ ಮೇಲೂ ಬೀಳುತ್ತದೆ.

ಇನ್ನು ದಂಡೆ ಯಾಕೆ ಬೇಡ ಅಂತ. ದೊಡ್ಡ ಆನೆಯೊಂದು ದಿನಕ್ಕೆ ನೂರು ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಕೊಡಗಿನಲ್ಲಿ ಆನೆಗಳು ಹಗಲು ಹೊತ್ತು ಕಾಫಿ ತೋಟದ ನೆರಳಿನಲ್ಲೇ ನಿಂತಿರುವುದು ಹೊಸ ಸುದ್ದಿಯೇನಲ್ಲ. ಕತ್ತಲಾದ ಮೇಲೆ ಕೆರೆಗೆ, ಗದ್ದೆಗೆ, ಹಲಸಿನ ಮರದ ಬುಡಕ್ಕೆ ಹೊರಡುತ್ತವೆ. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ, ಕೆಲವು ಕಡೆ ರೈಲು ಕಂಬಿಯ ಬೇಲಿಯೂ ಇದೆ. ಆದರೂ ಬರುತ್ತವೆ. ಕಾಫಿ ಗಿಡ ಆಳೆತ್ತರ ಇರುವುದರಿಂದ ಹತ್ತು ಹೆಜ್ಜೆ ದೂರದ ಆನೆಯೂ ಕಾಣಿಸದೇ ಇರಬಹುದು. ಕ್ಯಾಂಪ್‌ಫೈರ್ ಹಾಕಿದರೆ ಹತ್ತಿರ ಬರಲ್ಲ ಅಂತ ಧೈರ್ಯ ಹೇಳುವವರಿದ್ದಾರೆ. ಪಟಾಕಿ, ತಮಟೆ ಸದ್ದಿಗೇ ಒಗ್ಗಿಹೋದ ಆನೆಗಳ ಮುಂದೆ ನಾಲ್ಕು ಸೌದೆ ಉರಿಸಿ ನಿಶ್ಚಿಂತೆಯಾಗಿ ಮಲಗುವುದು ಹೇಗೆ? ದಂಡೆಯ ಕೆಸರಿನಲ್ಲಿ ಮೊರದಗಲ ಹೆಜ್ಜೆ, ಹಸಿ ಲದ್ದಿ, ನಿಮ್ಮ ತಲೆಗಿಂತ ಎತ್ತರದಲ್ಲಿ ಮರಕ್ಕೆ ಉಜ್ಜಿದ ಮಣ್ಣು ಕಂಡರೆ ಅದು ಅವುಗಳ ದಾರಿ. ಹಗಲಾದರೂ ಅಲ್ಲಿ ಕೂರಬೇಡಿ.

ಈಜುವ ಆಸೆ ಇದ್ದೇ ಇರುತ್ತದೆ, ಅಲ್ವಾ? ನನಗಂತೂ ಆನೆಗಿಂತ ಇದೇ ಜಾಸ್ತಿ ಭಯ. ಜೆಸಿಬಿಯಲ್ಲಿ ತೋಡಿದ ಕೆರೆಗೆ ಇಳಿಜಾರು ಇರುವುದಿಲ್ಲ, ಎರಡನೇ ಹೆಜ್ಜೆಗೇ ಆಳ. ತಳದಲ್ಲಿ ಹೂಳು. ಕೆಲವಕ್ಕೆ ನೀರು ಇಂಗದಿರಲಿ ಅಂತ ಒಳಗೆಲ್ಲ ಪ್ಲಾಸ್ಟಿಕ್ ಶೀಟ್ ಹೊದಿಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಕಾಲೂ ನಿಲ್ಲಲ್ಲ, ಕೈಗೆ ಹಿಡಿಯಲು ಏನೂ ಸಿಗಲ್ಲ. ಚೆನ್ನಾಗಿ ಈಜು ಬರುವವರೂ ಮೇಲೆ ಹತ್ತಲಾಗದೆ ಸೋತುಹೋಗುತ್ತಾರೆ. ಒಬ್ಬರನ್ನು ಎಳೆಯಲು ಹೋದ ಇನ್ನೊಬ್ಬರೂ ಜಾರುತ್ತಾರೆ. ಜೊತೆಗೆ ನಿಂತ ನೀರಿನಲ್ಲಿ ಇಲಿಜ್ವರದ ಸೋಂಕು ಇರಬಹುದು, ಕಾಲಿನ ಸಣ್ಣ ಗಾಯ ಸಾಕು ಒಳಗೆ ಹೋಗಲು.

ಹಾಗಾದರೆ ಪ್ಲಾನ್ ಕೈಬಿಡಬೇಕಾ? ಬೇಡ, ಸ್ವಲ್ಪ ಬದಲಿಸಿ. ತೋಟದಲ್ಲಿ ಕೆರೆ ಇರುವ ಒಂದು ಹೋಂಸ್ಟೇ ಹಿಡಿಯಿರಿ. ಕಕ್ಕಬ್ಬೆ ಕಡೆ ಸಿಕ್ಕರೆ ಒಳ್ಳೆಯದು. ನಾಲ್ಕುನಾಡು ಅರಮನೆ ಹತ್ತಿರದಿಂದ ತಡಿಯಂಡಮೋಳ್ ಹತ್ತಬಹುದು. 1,748 ಮೀಟರ್ ಎತ್ತರ, ಕೊಡಗಿನ ಅತಿ ಎತ್ತರದ ಶಿಖರ. ಬೆಳಿಗ್ಗೆ ಬೇಗ ಹೊರಟು ಹಗಲಲ್ಲೇ ಇಳಿದುಬನ್ನಿ. ಕೆರೆಯೇ ಮುಖ್ಯ ಅನ್ನುವುದಾದರೆ ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಹೋಗಿ. ದಟ್ಟ ಕಾಡಲ್ಲ, ಆದರೆ ಚೆಂದದ ಜಾಗ. ಗೌರಿ ಹಬ್ಬಕ್ಕೆ ಬಾಗಿನ ಬಿಡುವ ಕೆರೆ ಅದು, ದಂಡೆಯಲ್ಲಿ ಪಾರ್ಟಿ ಮಾಡುವ ಯೋಚನೆ ಇದ್ದರೆ ಅಲ್ಲಿಗೆ ಹೋಗಬೇಡಿ.

ಟೆಂಟ್ ಹಾಕಲೇಬೇಕು ಅಂದರೆ ಮನೆ ಮುಂದಿನ ಕಾಫಿ ಕಣದಲ್ಲಿ ಹಾಕಲು ಕೇಳಿ ನೋಡಿ. ಸಮತಟ್ಟಾದ ಜಾಗ, ಮನೆಯ ಬೆಳಕು, ನಾಯಿಯ ಕಾವಲು. ಡಿಸೆಂಬರ್ ನಂತರ ಕೊಯ್ಲು ಶುರುವಾಗಿ ಕಣದ ತುಂಬಾ ಕಾಫಿ ಒಣಗುತ್ತಿರುತ್ತದೆ, ಆಗ ಜಾಗ ಸಿಗಲ್ಲ. ಮಳೆ ಹಿಂದೆ ಸರಿದ ಮೇಲೆ, ನವೆಂಬರ್ ಸುಮಾರಿಗೆ ಕಣ ಖಾಲಿ, ಕೆರೆ ತುಂಬಿರುತ್ತದೆ. ಹುಲ್ಲು ಒದ್ದೆ ಇರುವಷ್ಟು ದಿನ ಜಿಗಣೆ, ಒಣಗಿದ ಮೇಲೆ ಉಣ್ಣಿ. ಎರಡಕ್ಕೂ ಉದ್ದ ಸಾಕ್ಸ್ ಬೇಕು, ರಾತ್ರಿ ಮಲಗುವ ಮುಂಚೆ ಮೈಯೆಲ್ಲ ನೋಡಿಕೊಳ್ಳಬೇಕು.

ನವೆಂಬರಿನಲ್ಲಿ ಇನ್ನೊಂದು ವಿಷಯ ಇದೆ. ಆಗ ಗದ್ದೆಯಲ್ಲಿ ಭತ್ತ ಬಲಿಯುತ್ತದೆ, ಆನೆ ಓಡಾಟ ಜಾಸ್ತಿಯಾಗುತ್ತದೆ. ಹಾಗಾಗಿ ಬುಕ್ ಮಾಡಲು ಫೋನ್ ಮಾಡಿದಾಗ ರೂಮು, ರೇಟಿನ ಜೊತೆ ಇದನ್ನೂ ಕೇಳಿ: 'ಈ ವಾರ ತೋಟದಲ್ಲಿ ಆನೆ ಇದೆಯಾ? ಸಂಜೆ ಕೆರೆ ತನಕ ಜೊತೆಗೆ ಯಾರಾದರೂ ಬರುತ್ತಾರಾ?' ತೋಟದವರಿಗೆ, ತೋಟದ ಕೆಲಸ ನೋಡಿಕೊಳ್ಳುವ ಅವರ ರೈಟರಿಗೆ ಇದು ಪಕ್ಕಾ ಗೊತ್ತಿರುತ್ತದೆ. ಈ ವಾರ ಬೇಡ ಅಂದರೆ ತಾರೀಕು ಮುಂದೆ ಹಾಕಿ. ಹಿಂಡು ಒಂದೇ ತೋಟದಲ್ಲಿ ಕೂರುವುದಿಲ್ಲ.