ಥರ್ಡ್ ಪಾರ್ಟಿ: ಆ ಮೂರನೆಯವರು ಯಾರು?

ಅಣ್ಣಿಗೇರಿ ಕಡೆಯ ರೈತರೊಬ್ಬರು ಹುಬ್ಬಳ್ಳಿಯ ನಮ್ಮ ಆಫೀಸಿಗೆ ಬಂದಿದ್ದರು. ಎಡಗಾಲಿಗೆ ರಾಡು ಹಾಕಿದ್ದರು, ಕೈಯಲ್ಲಿ ವಾಕರ್. ಜೊತೆಗೆ ಬಂದ ಹೆಂಡತಿ ಬಟ್ಟೆ ಅಂಗಡಿಯ ಕೈಚೀಲದಿಂದ ದವಾಖಾನೆ ಬಿಲ್ಲು, ಎಕ್ಸ್‌ರೇ, ಕೊನೆಗೆ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿದ್ದ ಬೈಕಿನ ಪಾಲಿಸಿ ತೆಗೆದು ಮೇಜಿನ ಮೇಲಿಟ್ಟರು. ಗದಗ ರಸ್ತೆಯಲ್ಲಿ ಗೂಡ್ಸ್ ಟೆಂಪೊ ಹಿಂದಿನಿಂದ ಬಂದು ಗುದ್ದಿತ್ತು. 'ನಂದು ಥರ್ಡ್ ಪಾರ್ಟಿ ಇತ್ರೀ ಸರ. ಆದ್ರ ಆಕ್ಸಿಡೆಂಟ್ ಆಗೋಕಿಂತ ಎರಡ ತಿಂಗಳ ಮೊದಲ ಮುಗದಿತ್ತು. ಏನೂ ಬರಂಗಿಲ್ಲಂತ ಸುಮ್ಮನ ಕುಂತಿದ್ವಿ' ಅಂದರು. ಹಾಗೆ ಸುಮ್ಮನೆ ಕೂತು ಐದು ತಿಂಗಳಾಗಿತ್ತು.

ಒಂದು ಪದದ ಅರ್ಥ ತಿಳಿಯದೆ ಕಳೆದುಹೋದ ಐದು ತಿಂಗಳು. ಎಂವಿಸಿ, ಅಂದರೆ ಗಾಡಿ ಅಪಘಾತದ ಪರಿಹಾರದ ಕೇಸು ನಡೆಸುವ ವಕೀಲನಾದ ನನಗೆ ಇಂಥವರು ಮತ್ತೆ ಮತ್ತೆ ಸಿಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಮೆ ಅಂದರೆ ಒಂದು ಕರಾರು. ಹೊಲದ ಕಾಗದದಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಇಬ್ಬರು ಇರುವ ಹಾಗೆ ಇಲ್ಲೂ ಇಬ್ಬರು: ಕಂತು ಕಟ್ಟಿದ ಗಾಡಿ ಮಾಲೀಕ ಒಂದನೆಯವರು, ವಿಮಾ ಕಂಪನಿ ಎರಡನೆಯವರು. ಆ ಗಾಡಿಯಿಂದ ಪೆಟ್ಟು ತಿಂದ ಹೊರಗಿನವರು ಮೂರನೆಯವರು. ಅವರು ಕರಾರಿಗೆ ಸಹಿ ಹಾಕಿಲ್ಲ, ಒಂದು ರೂಪಾಯಿ ಕಂತು ಕಟ್ಟಿಲ್ಲ. ಆದರೂ ಈ ಕರಾರು ಇರುವುದೇ ಅವರಿಗಾಗಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಈ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ.

ಪಾಲಿಸಿಯ ಹಾಳೆ ಬಿಡಿಸಿ ನೋಡಿ. ಕಂತಿನ ಲೆಕ್ಕ ಎರಡು ಭಾಗದಲ್ಲಿರುತ್ತದೆ. ಒಂದು ಕಡೆ ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಯ ರಿಪೇರಿಗೆ. ಇನ್ನೊಂದು ಕಡೆ ಲಯಬಿಲಿಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. ಲಯಬಿಲಿಟಿ ಮಾತ್ರ ಇರುವ ಹಾಳೆಯನ್ನು ನಾವು ಥರ್ಡ್ ಪಾರ್ಟಿ ಅನ್ನುತ್ತೇವೆ, ಎರಡೂ ಇದ್ದರೆ ಫುಲ್ ಇನ್ಶೂರೆನ್ಸ್. ರೈತರ ಹಾಳೆ ಮೊದಲನೆಯ ಬಗೆಯದು. ಅದು ಚಾಲ್ತಿಯಲ್ಲಿದ್ದರೂ ಅವರ ಕಾಲಿಗೆ ಅದರಿಂದ ಏನೂ ಬರುತ್ತಿರಲಿಲ್ಲ, ಏಕೆಂದರೆ ಆ ಕಾಗದದಲ್ಲಿ ಅವರು ಒಂದನೆಯವರು.

ಆದರೆ ಟೆಂಪೊದ ಕಾಗದದಲ್ಲಿ ಅವರು ಮೂರನೆಯವರು! ಎಣಿಕೆ ಯಾರ ಪಾಲಿಸಿಯಿಂದ ಶುರುವಾಗುತ್ತದೆ ಎಂಬುದರ ಮೇಲೆ ನಿಮ್ಮ ಜಾಗ ಬದಲಾಗುತ್ತದೆ. ತಪ್ಪು ಟೆಂಪೊದ್ದಾದರೆ ನೋಡಬೇಕಾದದ್ದು ಟೆಂಪೊದ ಪಾಲಿಸಿ. ಬೈಕಿನ ವಿಮೆ ಮುಗಿದದ್ದಕ್ಕೆ ದಂಡ ಬೀಳಬಹುದು, ಪರಿಹಾರದ ಹಕ್ಕು ಅದರಿಂದ ಹೋಗುವುದಿಲ್ಲ.

ಈ ಎಣಿಕೆಯಲ್ಲಿ ನಮ್ಮ ಕಡೆಯ ಜನ ಹೆಚ್ಚು ಮೋಸ ಹೋಗುವುದು ಟ್ರ್ಯಾಕ್ಟರಿನಲ್ಲಿ. ಉಳವಿ ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಟ್ರೇಲಿ ತುಂಬ ಹೆಂಗಸರು ಮಕ್ಕಳು ಕೂತು ಹೋಗುತ್ತಾರೆ. ಟ್ರೇಲಿ ಮಗುಚಿದರೆ ರಸ್ತೆ ಬದಿಗೆ ನಿಂತಿದ್ದು ಪೆಟ್ಟು ತಿಂದವರು ಮೂರನೆಯವರು. ಒಳಗೆ ಕೂತವರನ್ನು ವಿಮಾ ಕಂಪನಿ ಹಾಗೆ ಒಪ್ಪುವುದಿಲ್ಲ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತ ಪ್ರಯಾಣಿಕರ ಹೊಣೆ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆಗ ಪರಿಹಾರದ ಭಾರ ಪೂರ್ತಿ ಟ್ರ್ಯಾಕ್ಟರ್ ಮಾಲೀಕನ ಮೇಲೆ ಬರುತ್ತದೆ, ಮಾಲೀಕ ಹೆಚ್ಚಾಗಿ ಅದೇ ಊರಿನ ಬೀಗರೋ ಭಾವನೋ ಆಗಿರುತ್ತಾರೆ. ಟೆಂಪೊದಲ್ಲಿ ತನ್ನ ಮೆಣಸಿನಕಾಯಿ ಚೀಲಗಳ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಹೊರಟ ರೈತನ ಮಾತು ಬೇರೆ. ಮಾಲಿನ ಸಂಗಡ ಹೋಗುವ ಮಾಲಿನ ಒಡೆಯನಿಗೆ 1994ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ.

ಇನ್ನೊಂದು, ಗೆಳೆಯನ ಬೈಕು ಕೇಳಿ ಒಯ್ಯುವುದು. ಇಳಕಲ್ಲಿನಿಂದ ತನ್ನೂರಿಗೆ ಎರವಲು ಬೈಕಿನಲ್ಲಿ ಹೊರಟವನೊಬ್ಬ ಮುಂದಿದ್ದ ಚಕ್ಕಡಿಗೆ ಬಡಿದು ಸತ್ತ. ಅವನ ಹೆಂಡತಿಯ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೈಕು ಎರವಲು ತಂದವನು ಮಾಲೀಕನ ಜಾಗಕ್ಕೇ ಬಂದು ನಿಲ್ಲುತ್ತಾನೆ ಎಂದು 2009ರಲ್ಲಿ ತೀರ್ಪಾಯಿತು. ಅಂದರೆ ಆ ಬೈಕಿನ ಪಾಲಿಸಿಗೆ ಅವನು ಮೂರನೆಯವನಲ್ಲ. ಬರೀ ಥರ್ಡ್ ಪಾರ್ಟಿ ಇರುವ ಬೈಕಿನ ಹಿಂದೆ ಕೂತವರದ್ದೂ ಇದೇ ಸಂಕಟ. ಫುಲ್ ಇನ್ಶೂರೆನ್ಸ್ ಇದ್ದರೆ ಅವರಿಗೆ ಸಿಗುತ್ತದೆ. ಸ್ವಂತ ಗಾಡಿ ಓಡಿಸುವ ಮಾಲೀಕನಿಗೆ 15 ಲಕ್ಷದ ಪಿಎ ಕವರ್, ಅಂದರೆ ಅವನ ಸ್ವಂತ ಅಪಘಾತದ ವಿಮೆ, ಬೇರೆಯಾಗಿ ಇರುತ್ತದೆ. ಅದು ಸಾವಿಗೆ, ಕೈಕಾಲು ಕಳೆದುಕೊಂಡದ್ದಕ್ಕೆ ಸಿಗುತ್ತದೆ, ಮೂಳೆ ಮುರಿದದ್ದಕ್ಕಲ್ಲ.

ಮೂರನೆಯವರು ಅಂತ ಖಾತ್ರಿಯಾದ ಮೇಲೆ ಎಷ್ಟು ಸಿಗುತ್ತದೆ? ಇದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಊರ ಹಿರಿಯರ ಮುಂದೆ ಎರಡು ಮೂರು ಲಕ್ಷಕ್ಕೆ ಬಗೆಹರಿಸಿಕೊಂಡು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಬರುವವರನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ತಿಂಗಳಿಗೆ 15,000 ದುಡಿಯುತ್ತಿದ್ದ 32 ವರ್ಷದ ಗೌಂಡಿಯೊಬ್ಬ ತೀರಿಕೊಂಡ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ದುಡಿಮೆಯ ಬಾಬತ್ತು ಶೇಕಡಾ 40 ಕೂಡಿಸಿದರೆ 21,000. ಅವನ ಸ್ವಂತ ಖರ್ಚು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು; ಆ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ 16. ಒಟ್ಟು 30,24,000 ರೂಪಾಯಿ, ಇತರ ಬಾಬತ್ತು ಬೇರೆ. ಆದಾಯ ಸಾಬೀತಾಗಬೇಕು, ತಪ್ಪು ಎದುರಿನ ಗಾಡಿಯದೆಂದು ತೋರಿಸಬೇಕು, ನಿಜ. ಹಾಗಿದ್ದರೂ ಈ ಲೆಕ್ಕ ಹಾಕಿ ನೋಡದೆ ಎಲ್ಲೂ ಹೆಬ್ಬೆಟ್ಟು ಒತ್ತಬೇಡಿ.

ಡ್ರೈವರನ ಲೈಸೆನ್ಸ್ ಸರಿಯಿಲ್ಲ ಅಂತ ಕಂಪನಿಯವರು ತಕರಾರು ತೆಗೆದರೆ ಹೆದರಬೇಕಿಲ್ಲ. ಮೊದಲು ಮೂರನೆಯವರಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಕೋರ್ಟು ಕಂಪನಿಗೆ ಹೇಳಬಹುದು. ಗುದ್ದಿ ಓಡಿಹೋದ ಗಾಡಿ ಸಿಗಲೇ ಇಲ್ಲವಾದರೆ ಸಾವಿಗೆ 2 ಲಕ್ಷ, ದೊಡ್ಡ ಗಾಯಕ್ಕೆ 50,000 ಕೊಡುವ ಸರಕಾರಿ ಯೋಜನೆ ಇದೆ.

ಪರಿಹಾರಕ್ಕೆ ಕೋರ್ಟಿನಲ್ಲಿ ಅರ್ಜಿ ಹಾಕಲು ಅಪಘಾತವಾದ ಊರಿಗೇ ಹೋಗಬೇಕೆಂದಿಲ್ಲ. ಪುಣೆ ಹತ್ತಿರ ಪೆಟ್ಟು ತಿಂದ ಗದಗಿನವರು ಗದಗಿನಲ್ಲೇ ಹಾಕಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಧಾರವಾಡದ ಹೈಕೋರ್ಟ್ ಪೀಠ ಹತ್ತಿರದಲ್ಲೇ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ, ಇಲ್ಲವೆ 15100ಕ್ಕೆ ಫೋನ್ ಮಾಡಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಪುಕ್ಕಟೆ. ಆದರೆ ತಡ ಮಾಡಬೇಡಿ. ಕಾಯ್ದೆಯಲ್ಲಿ ಬರೆದ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಈ ಗಡುವಿನ ಬಗ್ಗೆ ಮೇಲಿನ ಕೋರ್ಟುಗಳಲ್ಲಿ ವಾದ ನಡೆದಿದೆ, ಅದನ್ನು ನಂಬಿ ಕೂರುವುದು ಬೇಡ.

ರೈತರಿಗೆ ಇನ್ನೂ ಸ್ವಲ್ಪ ದಿನ ಉಳಿದಿತ್ತು. ಪೊಲೀಸ್ ಠಾಣೆಯ ಕಾಗದಗಳಲ್ಲಿ ಟೆಂಪೊದ ಪಾಲಿಸಿ ಇದೆ, ಎಫ್‌ಐಆರ್, ಪಂಚನಾಮೆ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ದವಾಖಾನೆ ಕೊಡುವ ಪತ್ರ) ಜೊತೆ ಅದರ ನಕಲನ್ನೂ ತನ್ನಿ ಎಂದು ಬರೆದುಕೊಟ್ಟೆ. ಅವರ ಹೆಂಡತಿ ಬೈಕಿನ ಪಾಲಿಸಿ ಕೈಗೆತ್ತಿಕೊಂಡು, 'ಹಂಗಾರ ಇದು ಬ್ಯಾಡಾತೇನ್ರಿ?' ಅಂದರು.

'ಗಾಡಿ ಈಗ ಯಾರ ಹೊಡಿತಾರವ್ವಾ?'

'ಮಗಾ ಹೊಡಿತಾನ್ರಿ. ದಿನಾ ಡೈರಿಗೆ ಹಾಲು ಒಯ್ತಾನ.'

'ಇವತ್ತ ರಿನೀವ್ ಮಾಡಸ್ರಿ. ಊರಿಗೆ ಹೋಗೋಕಿಂತ ಮೊದಲ.'