ಪುಸ್ತಕ ಮುಚ್ಚಿದ ಮೇಲೆ ಕೇಳಿದ್ದು

ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಮಾರುವ ಹೆಂಗಸರ ನಡುವೆ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಜಾಗ ಹಿಡಿದದ್ದು ಮೊಳದ ವಿಚಾರ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಆದರೆ ಕೈ ಯಾರದ್ದು, ಮಾಲೆಯನ್ನು ಎಷ್ಟು ಬಿಗಿಯಾಗಿ ಎಳೆದು ಹಿಡಿದಿದ್ದಾರೆ, ಕೊಳ್ಳುವವರು ದಿನವೂ ಬರುವವರೋ ಹಬ್ಬಕ್ಕೆ ಮಾತ್ರ ಬರುವವರೋ ಎಂಬುದನ್ನು ಅನುಸರಿಸಿ ಅಳತೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೊನೆಗೆ ಕೊಸರೆಂದು ನಾಲ್ಕು ಬೆರಳು ಸೇರುವುದೂ ಉಂಟು. ಮಾನವಶಾಸ್ತ್ರಜ್ಞೆಯಾಗಿ ನಾನು ಇದರಲ್ಲಿ ಸಂಬಂಧಗಳ ಕ್ರಮವನ್ನು ಹುಡುಕುತ್ತೇನೆ. ಕತೆಗಾರ್ತಿಯಾಗಿ ನನಗೆ ಬೇಕಾಗುವುದು ಒಬ್ಬಳೇ ಹೆಂಗಸು, ಒಂದು ಬೆಳಗು, ಕೊಸರು ಕೊಡದೆ ಅವಳು ಕತ್ತರಿಸಿದ ಒಂದು ಮಾಲೆ.

ಎರಡನ್ನೂ ಒಬ್ಬರೇ ಮಾಡಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಿದವರಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅವರ ಶಿಷ್ಯೆ ಜೋರಾ ನೀಲ್ ಹರ್ಸ್ಟನ್ ತಾವು ಬೆಳೆದ ಫ್ಲಾರಿಡಾದ ಜನಪದ ಕತೆಗಳನ್ನು ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದರು, ಎರಡೇ ವರ್ಷಗಳ ನಂತರ ಅದೇ ಜನರ ಆಡುನುಡಿಯನ್ನು ಕಾದಂಬರಿಗೆ ತಂದರು. ನೈಜೀರಿಯಾದ ಟಿವ್ ಜನರೊಂದಿಗಿದ್ದ ಮಾನವಶಾಸ್ತ್ರಜ್ಞೆ ಲಾರಾ ಬೋಹಾನನ್ 1954ರಲ್ಲಿ ಆ ಅನುಭವವನ್ನು ಕಾದಂಬರಿಯಾಗಿಸಿದಾಗ ಬೇರೊಂದು ಹೆಸರಿನ ಮರೆಯಲ್ಲಿ ನಿಂತರು. ಬೆಂಗಳೂರಿನಲ್ಲೇ ಕೊನೆಯ ದಿನಗಳನ್ನು ಕಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರದು ಇನ್ನೊಂದು ಬಗೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟವು. ಅವರು ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಹೊರಬಂದಿತು. ಅದರಲ್ಲಿ ಆ ಹಳ್ಳಿಗಿಟ್ಟ ರಾಮಪುರ ಎಂಬ ಹೆಸರು ಕಲ್ಪಿತ, ಊರಿನವರು ಕಲ್ಪಿತರಲ್ಲ. ಶಾಸ್ತ್ರದ ಬರಹದಲ್ಲಿ ಹೆಸರನ್ನು ಮರೆಸಬಹುದೇ ಹೊರತು, ಇಬ್ಬರನ್ನು ಬೆರೆಸಿ ಮೂರನೆಯವಳನ್ನು ಸೃಷ್ಟಿಸಿ ಅವಳು ಇದ್ದಾಳೆಂದು ಹೇಳುವಂತಿಲ್ಲ. ಕತೆ ಬದುಕುವುದೇ ಆ ಮೂರನೆಯವಳಿಂದ.

ನನಗೆ ಕಷ್ಟವಾದದ್ದು ಬೇರೆಡೆ. ಒಂದು ಮಧ್ಯಾಹ್ನ ನಾನು ಪುಸ್ತಕ ಮುಚ್ಚಿಟ್ಟ ಮೇಲೆ ಹಿರಿಯ ಮಾರಾಟಗಾರ್ತಿಯೊಬ್ಬರು ಮನೆಯ ಸಂಗತಿಯೊಂದನ್ನು ಹೇಳಿ, “ಇದನ್ನ ಮಾತ್ರ ಬರ್ಕೋಬೇಡ ಕಣಮ್ಮ” ಎಂದರು. ಪ್ರಬಂಧದಿಂದ ಅದನ್ನು ಹೊರಗಿಡುವುದು ಸುಲಭವಾಗಿತ್ತು. ಆದರೆ ಕೆಲವು ವರ್ಷಗಳ ನಂತರ ಅದು ನನ್ನ ಕತೆಯೊಂದಕ್ಕೆ ಬಂದು ಕೂತಿತು. ಹೆಸರು ಬದಲಿಸಿದೆ, ಹೂವಿನ ಬದಲು ಸೊಪ್ಪು ಇಟ್ಟೆ, ಅಂಗಡಿಯನ್ನು ಗಾಂಧಿ ಬಜಾರಿಗೆ ಸಾಗಿಸಿದೆ. ಗಟ್ಟಿಯಾಗಿ ಓದಿಕೊಂಡಾಗ, ಆಕೆಯ ಮಗಳು ಎರಡನೆಯ ಪುಟದಲ್ಲೇ ತಾಯಿಯನ್ನು ಗುರುತಿಸುತ್ತಾಳೆಂಬುದು ನನಗೆ ಖಚಿತವಾಯಿತು. ಬರೆದುಕೊಳ್ಳಬೇಡ ಎಂದವರು ಯಾವ ಪುಸ್ತಕದಲ್ಲಿ ಎಂದು ಹೇಳಿರಲಿಲ್ಲ. ಆ ಪುಟಗಳನ್ನು ತೆಗೆದುಹಾಕಿದೆ. ಕತೆ ಸೊರಗಿತು, ಅದನ್ನು ಪ್ರಕಟಿಸಲೇ ಇಲ್ಲ.

ಈಗ ಕ್ಷೇತ್ರದಿಂದ ಕತೆಗೆ ನಾನು ತರುವುದು ಕಿವಿಯನ್ನು: ಸಾಲ ಕೇಳುವ ಮುನ್ನ ಮಕ್ಕಳ ಕ್ಷೇಮ ವಿಚಾರಿಸುವ ವರಸೆ, ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುವಾಗಿನ ಮೌನ. ಮೊಳದ ಕತೆಯನ್ನು ಹಾಗೆಯೇ ಬರೆದು, ಮಾರುಕಟ್ಟೆಗೆ ಹೋಗಿ ಅದೇ ಹಿರಿಯರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೆ ಕೇಳಿ ಒಂದೇ ತಪ್ಪು ತೋರಿಸಿದರು: “ಬಾಳೆನಾರನ್ನ ನೆನೆಸದೆ ಯಾರಮ್ಮ ಹೂವು ಕಟ್ತಾರೆ?”